ಬಾಗಿಲು ತೆರೆದಾಗ ಕೇಳಿಸುವ ಸದ್ದು

ಮೊದಲು ಈ ಸದ್ದನ್ನು ಕೇಳಿಸಿಕೊಳ್ಳಿ. ಚಾಲಕನ ಬದಿಯ ಬಾಗಿಲು ತೆರೆಯುತ್ತಿದ್ದೇನೆ, ಕೀಲಿಯನ್ನು ಇನ್ನೂ ಮುಟ್ಟಿಲ್ಲ. ಬಾನೆಟ್ಟಿನ ಒಳಗಿನಿಂದ 'ಝುಯ್ಯ್' ಎಂದಿತಲ್ಲ, ಅದು ಪಂಪ್. ಏಳು ತಿಂಗಳು ಇದನ್ನು ದಿನಾ ಕೇಳಿದ್ದೇನೆ. ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ನನ್ನದು ಎಎಂಟಿ, ಅಂದರೆ ತಾನಾಗಿಯೇ ಬದಲಾಗುವ ಗೇರಿನ ಸಣ್ಣ ಕಾರು. ಎಡಗಾಲಿಗೆ ಕೆಲಸವಿಲ್ಲ ಎಂಬುದನ್ನು ಬಿಟ್ಟರೆ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ, ಮಾಮೂಲಿ ಕ್ಲಚ್ಚೇ. ನಾವು ಕಾಲಿನಿಂದ ತುಳಿದು, ಕೈಯಿಂದ ಎಳೆದು ಮಾಡುವುದನ್ನು ಇಲ್ಲಿ ಎಣ್ಣೆಯ ಒತ್ತಡ ಮಾಡುತ್ತದೆ. ಒತ್ತಡ ಕೊಡುವುದು ಆ ಪಂಪ್. ಯಾವ ಗೇರ್, ಯಾವಾಗ ಎಂದು ಅಪ್ಪಣೆ ಕೊಡುವುದು ಒಂದು ಪುಟ್ಟ ಕಂಪ್ಯೂಟರ್. ಸಿಲ್ಕ್ ಬೋರ್ಡ್ ದಾಟಿ ಕಚೇರಿಗೆ ಹೋಗುವವನಿಗೆ ಇದಕ್ಕಿಂತ ಸುಖ ಬೇರೆ ಇಲ್ಲ ಎಂದುಕೊಂಡೇ ಕೊಂಡಿದ್ದೆ.

ಮಡಿವಾಳದ ಸಿಗ್ನಲ್. ಹಸಿರು ದೀಪ ಬಂತು, ಪರದೆಯ ಮೇಲೆ 'ಎನ್' ಅಕ್ಷರ ಮಿನುಗತೊಡಗಿತು: ನ್ಯೂಟ್ರಲ್, ಅಂದರೆ ಯಾವ ಗೇರೂ ಬಿದ್ದಿಲ್ಲ. ಎಂಜಿನ್ ಗುರುಗುಟ್ಟುತ್ತದೆ, ಕಾರು ಅಲುಗುವುದಿಲ್ಲ. ಹಿಂದಿನ ಆಟೋದವರು ನನ್ನ ವಂಶವನ್ನೆಲ್ಲ ಸ್ಮರಿಸಿದರು.

ಮೊದಲ ಗ್ಯಾರೇಜಿನವರು ಬಾನೆಟ್ ತೆರೆಯುವ ಮೊದಲೇ ತೀರ್ಪು ಕೊಟ್ಟರು: 'ಕ್ಲಚ್ ಹೋಗಿದೆ ಸರ್.' ನಂಬದಿರಲು ನನಗೆ ಕಾರಣವಿರಲಿಲ್ಲ. ದಟ್ಟಣೆಯಲ್ಲಿ ಇಂಚು ಇಂಚಾಗಿ ತೆವಳಿದರೆ, ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಲ್ಲೇ ಗಾಡಿಯನ್ನು ತಡೆದು ನಿಲ್ಲಿಸಿದರೆ ಕ್ಲಚ್ ಸುಡುವುದು ನಿಜವೇ. 14,800 ರೂಪಾಯಿ ಎಣಿಸಿದೆ. ಹಳೆಯ ಪ್ಲೇಟ್ ತೋರಿಸಿ ಎಂದರೆ, 'ಗುಜರಿಗೆ ಹೋಯಿತು ಸರ್' ಎಂದರು. ಸಂಜೆ ನಾಲ್ಕಕ್ಕೆ ಗುಜರಿಗೆ ಅಷ್ಟೊಂದು ಅವಸರವೇ!

ಐದು ವಾರ ಚೆನ್ನಾಗಿ ಓಡಿತು. ಮತ್ತೆ ಅದೇ 'ಎನ್'. ಎರಡನೆಯವರು ಸ್ಕ್ಯಾನರ್ ಚುಚ್ಚಿ, ಹೊಸ ಕ್ಲಚ್ಚನ್ನು ಕಂಪ್ಯೂಟರಿಗೆ ಪರಿಚಯ ಮಾಡಿಸಿಯೇ ಇಲ್ಲ ಎಂದರು. ಕ್ಲಚ್ ಬದಲಿಸಿದ ಮೇಲೆ ಹಾಗೆ ಮಾಡಬೇಕಾದದ್ದು ಹೌದು. 3,500. ಇನ್ನೊಂದೂವರೆ ತಿಂಗಳು ನೆಮ್ಮದಿ. ಮೂರನೆಯವರು ಆಕ್ಚುವೇಟರನ್ನೇ (ಎಣ್ಣೆಯ ಒತ್ತಡದಿಂದ ಕ್ಲಚ್, ಗೇರುಗಳನ್ನು ಆಡಿಸುವ ಭಾಗ) ಬದಲಿಸಬೇಕು, 48,000 ಆಗುತ್ತದೆ, ಹತ್ತು ಸಾವಿರ ಮುಂಗಡ ಕೊಡಿ, ಸಾಮಾನು ಹದಿನೈದು ದಿನದಲ್ಲಿ ಬರುತ್ತದೆ, ಅಲ್ಲಿಯವರೆಗೆ ಓಡಿಸುತ್ತಿರಿ ಎಂದರು. ಕೊಟ್ಟೆ. ಹದಿನೈದು ದಿನ ಎಂಬುದು ಎರಡು ತಿಂಗಳಾದರೂ ಮುಗಿಯಲಿಲ್ಲ.

ಈಗ ಕಾಣುತ್ತಿರುವುದು ಶಿರಾಡಿ ಘಾಟಿ, ಮಾರನಹಳ್ಳಿಯ ಹತ್ತಿರ. ಕಾರು ಮತ್ತೆ ನಿಂತದ್ದು ಇಲ್ಲೇ. ಚಿತ್ರ ಅಲ್ಲಾಡುತ್ತಿದ್ದರೆ ಕ್ಷಮಿಸಿ, ಕೈ ನಡುಗುತ್ತಿತ್ತು. ಮಳೆ, ಹಿಂದೆ ಟ್ಯಾಂಕರುಗಳ ಸಾಲು, ಪಕ್ಕದ ಸೀಟಿನಲ್ಲಿ ಅಮ್ಮ. ಹಬ್ಬಕ್ಕೆಂದು ಊರಿಗೆ ಹೊರಟವರು ಉಪ್ಪಿನಂಗಡಿಯನ್ನು ಸೇರಿದ್ದು ಕಾರಿನ ಸಮೇತ ಒಂದು ಲಾರಿಯ ಬೆನ್ನೇರಿ.

ಅಲ್ಲಿಯ ಮೆಕ್ಯಾನಿಕ್ ಸ್ಕ್ಯಾನರ್ ತೆಗೆಯಲಿಲ್ಲ. 'ಬಾಗಿಲು ತೆಗೆಯಿರಿ' ಎಂದರು. ತೆಗೆದೆ. 'ಹಾಕಿ. ಸ್ವಲ್ಪ ತಡೆದು ಮತ್ತೆ ತೆಗೆಯಿರಿ.' ಕಣ್ಣು ಮುಚ್ಚಿ ಬೆರಳು ಮಡಚುತ್ತಾ ನಿಂತಿದ್ದರು. 'ಅಲ್ಲ ಮಾರಾಯರೇ, ಈಗಷ್ಟೇ ಓಡಿದ ಪಂಪು ಮತ್ತೆ ಇಷ್ಟು ಹೊತ್ತು ಯಾಕೆ ಓಡಬೇಕು?'

ಎಣ್ಣೆಯ ಡಬ್ಬಿ ನೋಡಿದರೆ ಕೆಳಗಿನ ಗೆರೆಗಿಂತಲೂ ಕಡಿಮೆ. ಪಂಪು ಎಣ್ಣೆಯ ಜತೆ ಗಾಳಿಯನ್ನೂ ಎಳೆಯುತ್ತಿತ್ತು. ಒತ್ತಡ ಏರದೆ ಗೇರ್ ಬೀಳುತ್ತಿರಲಿಲ್ಲ. ಹಾಗಾದರೆ ನಮ್ಮ ಪಾರ್ಕಿಂಗ್ ನೆಲದ ಮೇಲೆ ಒಂದು ಹನಿಯೂ ಯಾಕೆ ಬಿದ್ದಿರಲಿಲ್ಲ? ಅವರು ಗಾಡಿಯ ಕೆಳಗೆ ನುಸುಳಿ ಎಂಜಿನ್ನಿನ ಅಡಿಯ ಪ್ಲಾಸ್ಟಿಕ್ ಹಲಗೆಯನ್ನು ಬಿಚ್ಚಿದರು. ಅದರ ಮೇಲೆ ಧೂಳು, ಎಣ್ಣೆ ಬೆರೆತು ಕಾಡಿಗೆಯಂತಹ ಮಡ್ಡಿ, ಬೆರಳ ದಪ್ಪ. ಸೋರಿದ್ದೆಲ್ಲ ಅಲ್ಲಿ ಕೂತಿತ್ತು. ಪೈಪಿನ ಕೀಲಿನಲ್ಲಿದ್ದ ರಬ್ಬರ್ ಬಳೆಯೊಂದು ಒಣಗಿ ಸೀಳಿತ್ತು. ಇಗೋ, ಅದು ಇಲ್ಲಿದೆ, ನನ್ನ ಅಂಗೈಯಲ್ಲಿ. ನಾನು ಕೇಳದೆಯೇ ಇವರು ಕೊಟ್ಟರು. ಎಣ್ಣೆ ಸೇರಿ 1,250 ರೂಪಾಯಿ.

ಮನೆಗೆ ಬಂದು ಹಳೆಯ ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿದೆ. ನೀವೂ ನೋಡಿ. ಮೂರರಲ್ಲೂ ಕೊನೆಯ ಸಾಲು ಒಂದೇ: 'ಎಎಂಟಿ ಆಯಿಲ್'. ಮೂವರೂ ಎಣ್ಣೆ ತುಂಬಿದ್ದರು, ಅದಕ್ಕೇ ಪ್ರತಿ ಸಲವೂ ಕೆಲವು ವಾರ ಕಾರು ಓಡಿತ್ತು. ಅದು ಕಡಿಮೆಯಾದದ್ದಾದರೂ ಎಲ್ಲಿಗೆ ಎಂದು ಒಬ್ಬರೂ ಬಗ್ಗಿ ನೋಡಲಿಲ್ಲ. ಮೊದಲನೆಯವರು ಮೋಸ ಮಾಡಿದರು ಎಂದು ಈಗಲೂ ಹೇಳಲಾರೆ. ಸಂಜೆಯೊಳಗೆ ಗಾಡಿ ಬೇಕು ಎಂದು ಅವರ ತಲೆಯ ಮೇಲೆ ಕೂತವನು ನಾನೇ.

ಮುಂಗಡದ ವಿಷಯ ಬೇರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದ್ದೇನೆ. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ: 2019ರ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬೇಕು, ನನ್ನಂತಹ ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ರಸೀದಿಯನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದೇನೆ.

ಇದರ ಮೇಲೆ ಮೊನ್ನೆ ಆ ಮೂರನೆಯ ಗ್ಯಾರೇಜಿನಿಂದಲೇ ಕರೆ ಬಂತು. 'ಸರ್, ನಿಮ್ಮ ಆಕ್ಚುವೇಟರ್ ಬಂದಿದೆ. ಗಾಡಿ ಯಾವಾಗ ತರುತ್ತೀರಿ?'