ರಸ್ತೆ ಮುಟ್ಟದ ಕಡಲತೀರ

ಕೇಳುಗರಿಗೆ ನಮಸ್ಕಾರ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನಲ್ಲಿ, ಉತ್ತರಕ್ಕೆ ಗಂಗಾವಳಿ ಮತ್ತು ದಕ್ಷಿಣಕ್ಕೆ ಅಘನಾಶಿನಿ ಎಂಬ ಎರಡು ನದಿಗಳ ಅಳಿವೆಗಳ ನಡುವೆ ಗೋಕರ್ಣವಿದೆ. ಮಹಾಬಲೇಶ್ವರನ ದರ್ಶನಕ್ಕೆ ಬಂದವರು ಊರಿನ ಮುಂದಿನ ಕಡಲಲ್ಲಿ ಮಿಂದು ಹಿಂದಿರುಗುವುದು ವಾಡಿಕೆ. ಆ ತೀರದಿಂದ ದಕ್ಷಿಣಕ್ಕೆ ಗುಡ್ಡಗಳು ಕಡಲಿಗೇ ಇಳಿದಿದ್ದು, ಒಂದೊಂದು ಗುಡ್ಡದ ಮಗ್ಗುಲಲ್ಲಿ ಒಂದೊಂದು ಮರಳಿನ ದಂಡೆ ಅಡಗಿದೆ: ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಮೊದಲಿನೆರಡರ ಹತ್ತಿರದವರೆಗೆ ವಾಹನ ಹೋಗುತ್ತದೆ. ಉಳಿದೆರಡಕ್ಕೆ ರಸ್ತೆಯಿಲ್ಲ, ನೆಲದ ಮೇಲಿಂದ ಹೋಗುವುದಾದರೆ ಕಾಲುದಾರಿಯೇ ಗತಿ. ಇಂದಿನ ನನ್ನ ಮಾತು ಆ ಎರಡು ತೀರಗಳ ಕುರಿತು.

ಓಂ ತೀರದ ದಕ್ಷಿಣದ ತುದಿಯಿಂದ ಏರುವ ದಾರಿ ಕೆಂಪು ಚಿರೇಕಲ್ಲಿನ ಗುಡ್ಡದ ಮೇಲೆ, ಮುಳ್ಳುಪೊದೆ ಮತ್ತು ಕುರುಚಲು ಮರಗಳ ನಡುವೆ ಸಾಗುತ್ತದೆ. ಕೆಲವೆಡೆ ದಾರಿಯ ಒಂದು ಮಗ್ಗುಲು ನೇರವಾಗಿ ಕಡಲಿನ ಮೇಲಿನ ಕಡಿದಾದ ಅಂಚು. ಮಳೆಗಾಲದಲ್ಲಿ ಈ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ, ಬೇಸಿಗೆಯಲ್ಲಿ ಉದುರು ಜಲ್ಲಿ ಕಾಲಡಿಯಲ್ಲಿ ಜಾರುತ್ತದೆ. ಆದುದರಿಂದ ಹವಾಯಿ ಚಪ್ಪಲಿಯಲ್ಲಿ ಹೊರಟವರನ್ನು ಕಂಡಾಗ ನನಗೆ ಅವರ ಧೈರ್ಯಕ್ಕಿಂತ ಅವರ ಮೊಣಕಾಲುಗಳ ಚಿಂತೆಯೇ ಹೆಚ್ಚು. ಸಾವಕಾಶವಾಗಿ ನಡೆದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಹಾಫ್ ಮೂನ್ ಸಿಗುತ್ತದೆ. ಪ್ಯಾರಡೈಸ್ ತಲುಪಲು ಇನ್ನೊಂದು ಗುಡ್ಡ ದಾಟಬೇಕು. ಬೆಲೆಕಾನ ಎಂಬ ಊರಿನ ಕಡೆಯಿಂದಲೂ ಪ್ಯಾರಡೈಸ್‌ಗೆ ಕಾಲುದಾರಿಯುಂಟು.

ಈ ತೀರಗಳ ಮರಳು ವರ್ಷವಿಡೀ ಒಂದೇ ಕಡೆ ನಿಲ್ಲುವುದಿಲ್ಲ ಎಂಬುದನ್ನು ಒಮ್ಮೆ ಮಾತ್ರ ಬಂದುಹೋಗುವವರು ಗಮನಿಸಲಾರರು. ಜೂನ್ ತಿಂಗಳಲ್ಲಿ ಮುಂಗಾರಿನ ದೊಡ್ಡ ಅಲೆಗಳು ದಂಡೆಯನ್ನು ಕೊರೆದು ಮರಳನ್ನು ಒಳಗೆಳೆದು, ಸ್ವಲ್ಪ ದೂರದಲ್ಲಿ ನೀರಿನಡಿಯ ದಿಬ್ಬವಾಗಿ ಹರಡುತ್ತವೆ. ದಂಡೆ ಕಿರಿದಾಗಿ ಕರಿಬಂಡೆಗಳು ಮೇಲೇಳುತ್ತವೆ. ಮಳೆ ಹಿಂದೆ ಸರಿದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಸ್ವಲ್ಪಸ್ವಲ್ಪವಾಗಿ ತಂದು ಬಂಡೆಗಳನ್ನು ಮತ್ತೆ ಮುಚ್ಚುತ್ತವೆ. ದಂಡೆಯ ಮೇಲ್ಭಾಗದಲ್ಲಿ ಬೇರುಬಿಟ್ಟು ಹಬ್ಬುವ ಬಂಗಡೆ ಬಳ್ಳಿ ಗಾಳಿಗೆ ಹಾರುವ ಮರಳನ್ನು ತಡೆದು ಹಿಡಿಯುತ್ತದೆ. ಅದರ ನೇರಳೆ ಹೂವನ್ನು ಮೆಚ್ಚುವವರು ಆ ಬಳ್ಳಿಯನ್ನು ತುಳಿಯದೆ ಬಳಸಿ ಹೋದರೆ ಒಳ್ಳೆಯದು.

ಇಳಿತದ ಹೊತ್ತಿನಲ್ಲಿ ಹಸಿ ಮರಳಿನ ಬಳಿ ಕದಲದೆ ಕುಳಿತುಕೊಳ್ಳಬೇಕು. ಮೊದಲಿಗೆ ಬರಿಯ ತೂತುಗಳಷ್ಟೇ ಕಾಣುತ್ತವೆ. ಸ್ವಲ್ಪ ಹೊತ್ತಿಗೆ ಒಂದು ತೂತಿನಿಂದ ಮರಳಿನದೇ ಬಣ್ಣದ ಏಡಿ ಕಡ್ಡಿಯಂಥ ಕಣ್ಣುಗಳನ್ನು ನಿಮಿರಿಸಿ ಹೊರಗಿಣುಕುತ್ತದೆ; ಕಾಲುಗಳ ನಡುವೆ ಅವುಚಿ ತಂದ ಮರಳನ್ನು ದೂರಕ್ಕೆ ಎಸೆದು ಕ್ಷಣದಲ್ಲಿ ಒಳಸೇರುತ್ತದೆ. ನಮ್ಮ ನೆರಳು ಅಲುಗಿತೋ, ಇಡೀ ದಂಡೆ ಖಾಲಿ.

ಉತ್ತರ ಕನ್ನಡದ ಹಲವು ಮರಳ ದಂಡೆಗಳಿಗೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಹೆಣ್ಣಾಮೆ ಗುಳಿ ತೋಡಿ ನೂರರ ಆಸುಪಾಸು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ ಕಡಲಿಗೆ ಮರಳುತ್ತದೆ. ಸುಮಾರು 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಕತ್ತಲೆಯಲ್ಲಿ ಹೊರಬಿದ್ದ ಮರಿ ಬೆಳಕು ಹೆಚ್ಚಿರುವ ಕಡೆಗೆ ಹರಿಯುತ್ತದೆ, ಮತ್ತು ನಿರ್ಜನ ತೀರದಲ್ಲಿ ಅಂಥ ಬೆಳಕು ಇರುವುದು ಕಡಲಿನ ಮೇಲೆ. ದಂಡೆಯ ಹಿಂದೆ ವಿದ್ಯುದ್ದೀಪಗಳು ಉರಿಯುತ್ತಿದ್ದರೆ ಮರಿಗಳು ದಿಕ್ಕು ತಪ್ಪಿ ನೆಲದತ್ತ ಹೋಗಿ, ನಾಯಿ ಕಾಗೆಗಳ ಪಾಲಾಗುತ್ತವೆ. ರಸ್ತೆ ಬಂದಲ್ಲಿ ವಾಹನದ ಹಿಂದೆಯೇ ಹೋಟೆಲು, ಹೋಟೆಲಿನ ಹಿಂದೆಯೇ ದೀಪಗಳು ಬರುತ್ತವೆ. ‘ಇಲ್ಲಿಗೊಂದು ಒಳ್ಳೆಯ ರಸ್ತೆ ಮಾಡಬಾರದೇ’ ಎಂದು ಬೆವರೊರೆಸಿಕೊಳ್ಳುತ್ತ ಕೇಳುವ ಪ್ರವಾಸಿಗರಿಗೆ ನನ್ನ ಉತ್ತರ, ಮಾಡಬಾರದು ಎಂಬುದೇ. ನಡೆಯಲಾರದ ಹಿರಿಯರಿಗೆ ಇದರಿಂದ ಅನ್ಯಾಯವಾಗುತ್ತದೆಂಬುದು ನಿಜ. ಆದರೆ ಅವರಿಗಾಗಿ ಗೋಕರ್ಣದ ಮುಖ್ಯ ತೀರವೂ ಓಂ ತೀರವೂ ಇವೆ.

ಹಾಗೆಂದು ಈ ತೀರಗಳನ್ನು ಅಚ್ಚಳಿಯದವು ಎಂದು ಹೊಗಳುವಂತೆಯೂ ಇಲ್ಲ. ಪ್ಯಾರಡೈಸ್‌ನ ಅಂಚಿನಲ್ಲಿ ಒಂದು ಕಾಲಕ್ಕೆ ಗುಡಿಸಲುಗಳಿದ್ದವು, ಬಳಿಕ ತೆರವಾದವು. ಯಾರೂ ಕಾಲಿಡದ ದಿನವೂ ಅಲೆಗಳು ಪ್ಲಾಸ್ಟಿಕ್ ಬಾಟಲಿ, ಥರ್ಮೋಕೋಲ್ ಚೂರು, ಹರಿದ ಬಲೆಗಳನ್ನು ತಂದು ಹಾಕುತ್ತವೆ, ಮುಂಗಾರಿಗೆ ಮುಂಚೆ ಕೆಲವೊಮ್ಮೆ ಕಾಲಿಗೆ ಅಂಟುವ ಟಾರಿನ ಉಂಡೆಗಳನ್ನೂ.

ಹೋಗುವವರು ಅಕ್ಟೋಬರದಿಂದ ಫೆಬ್ರವರಿಯ ನಡುವೆ ಹೋಗುವುದು ಉತ್ತಮ. ಕುಡಿಯುವ ನೀರನ್ನು ಜೊತೆಗೇ ಒಯ್ಯಬೇಕು, ಖಾಲಿ ಬಾಟಲಿಯನ್ನು ಹಿಂದಕ್ಕೂ ತರಬೇಕು. ರಕ್ಷಣೆಗೆ ತಕ್ಷಣ ಒದಗುವವರು ಯಾರೂ ಇರುವುದಿಲ್ಲವಾದ್ದರಿಂದ, ಈಜು ಬಲ್ಲವರೂ ಬಂಡೆಗಳ ಬಳಿ ನೀರಿಗಿಳಿಯಬಾರದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಭರತದ ನೀರು ದಂಡೆಯ ಮೇಲಕ್ಕೇ ಏರುವುದರಿಂದ ಚೀಲವನ್ನು ಎತ್ತರದಲ್ಲಿಡಬೇಕು. ಗುಡ್ಡದ ಅಂಚಿನ ದಾರಿಯನ್ನು ಕತ್ತಲಾಗುವ ಮೊದಲೇ ದಾಟಿಬಿಡಬೇಕು. ಸೂರ್ಯಾಸ್ತವನ್ನು ಓಂ ತೀರಕ್ಕೆ ಬಂದೂ ನೋಡಬಹುದು. ಕಾಲು ಸೋತಿದ್ದರೆ, ಕಡಲು ಶಾಂತವಾಗಿರುವ ತಿಂಗಳುಗಳಲ್ಲಿ ದೋಣಿಯವರು ಅಲ್ಲಿಂದ ಓಂ ತೀರಕ್ಕೆ ಕರೆತರುತ್ತಾರೆ. ಬಾಡಿಗೆಯ ಮಾತನ್ನು ಮಾತ್ರ ದೋಣಿ ಹತ್ತುವ ಮೊದಲೇ ಮುಗಿಸಿಕೊಳ್ಳಿ. ನಮಸ್ಕಾರ.