ದೊಡ್ಡ ಸ್ಟೀಮ್ ಇಂಜಿನ್ನೋ, ಚಿಕ್ಕದೋ? ಮೊದಲು ಪ್ಲೈವುಡ್ ಅಳೆಯಿರಿ!

[ಮೇಜಿನ ಮೇಲೆ ಎರಡು ಮಾಡೆಲ್ ಇಂಜಿನ್. ಒಂದು ಮೊಳದುದ್ದ, ಇನ್ನೊಂದು ಅಂಗೈ ಮೇಲೆ ಕೂರುವಷ್ಟು.]

ನಮಸ್ಕಾರ. ಮಾಡೆಲ್ ರೈಲು ಶುರು ಮಾಡಬೇಕು ಅನ್ನುವವರು ನನ್ನನ್ನು ಹೆಚ್ಚಾಗಿ ಕೇಳುವುದು ಇದೇ. ಮೊದಲ ಸ್ಟೀಮ್ ಇಂಜಿನ್ ದೊಡ್ಡದು ತಗೊಳ್ಳಲಾ, ಚಿಕ್ಕದು ಸಾಕಾ? ಎಲ್ಲರೂ ಬೆಲೆ ನೋಡುತ್ತಾರೆ, ಅಂದ ನೋಡುತ್ತಾರೆ. ಹಳಿ ಹಾಸುವ ಪ್ಲೈವುಡ್ ಮೇಲೆ ತಿರುವು ಎಷ್ಟು ದೊಡ್ಡದು ಹಾಕಬಹುದು ಅಂತ ಯಾರೂ ಮೊದಲು ಕೇಳುವುದಿಲ್ಲ. ನನ್ನ ಪ್ರಕಾರ ಎಲ್ಲ ತೀರ್ಮಾನ ಆಗುವುದು ಅಲ್ಲೇ.

ಬೇಸಿಕ್ಸ್ ಬೇಗ ಮುಗಿಸೋಣ. ಎಚ್‌ಒ ಸ್ಕೇಲ್ ಅಂದರೆ ನಿಜವಾದ ರೈಲನ್ನು 87 ಪಾಲು ಕುಗ್ಗಿಸಿದ್ದು. ಹಳಿಗಳ ನಡುವೆ 16.5 ಮಿ.ಮೀ. ಜಾಗ. 0-4-0, 2-8-2 ಅಂತೆಲ್ಲ ಬರೆಯುವುದು ಚಕ್ರಗಳ ಲೆಕ್ಕ. ಮುಂದಿನ ಸಣ್ಣ ಚಕ್ರ, ಎಳೆಯುವ ಚಕ್ರ, ಹಿಂದಿನ ಸಣ್ಣ ಚಕ್ರ. ಅಷ್ಟೇ.

[ಬಿಗ್ ಬಾಯ್ ಚಿತ್ರ]

ಎಲ್ಲರ ಕಣ್ಣು ಮೊದಲು ಬೀಳುವುದು ಇದರ ಮೇಲೆ. ಅಮೆರಿಕದ ಯೂನಿಯನ್ ಪೆಸಿಫಿಕ್ ಕಂಪನಿಯ ಬಿಗ್ ಬಾಯ್, 4-8-8-4. ಎಳೆಯುವ ಚಕ್ರಗಳ ಗುಂಪೇ ಎರಡು. 1941ರಿಂದ 1944ರ ಒಳಗೆ 25 ಇಂಜಿನ್ ತಯಾರಾದವು. ಕಲ್ಲಿದ್ದಲು, ನೀರು ಹೊರುವ ಹಿಂದಿನ ಗಾಡಿ, ಅಂದರೆ ಟೆಂಡರ್ ಸೇರಿ ಉದ್ದ ಸುಮಾರು 40 ಮೀಟರ್. ಎಚ್‌ಒದಲ್ಲಿ 46 ಸೆಂ.ಮೀ. ದಾಟುತ್ತದೆ.

ಎಚ್‌ಒ ರೈಲು ಸೆಟ್ಟಿನ ಜೊತೆ ಸಾಮಾನ್ಯವಾಗಿ ಬರುವುದು 18 ಇಂಚು ರೇಡಿಯಸ್ಸಿನ ತಿರುವು, ಅಂದರೆ ಸುಮಾರು 46 ಸೆಂ.ಮೀ. ಇಂಜಿನ್ ಉದ್ದವೂ ಅಷ್ಟೇ! ನಿಜವಾದ ಬಿಗ್ ಬಾಯ್‌ನಲ್ಲಿ ಮುಂದಿನ ಚಕ್ರಗಳ ಗುಂಪು ಮಾತ್ರ ಪಕ್ಕಕ್ಕೆ ತಿರುಗುತ್ತದೆ. ಹಿಂದಿನದು ಬಾಯ್ಲರಿಗೆ ಬಿಗಿಯಾಗಿರುತ್ತದೆ. ಮಾಡೆಲ್ ಮಾಡುವವರು ಇಂಥ ಸಣ್ಣ ತಿರುವಿಗೆ ಹೊಂದಿಸಲು ಎಷ್ಟೋ ಸಲ ಎರಡೂ ಗುಂಪು ತಿರುಗುವ ಹಾಗೆ ಮಾಡುತ್ತಾರೆ. ಇಂಜಿನ್ ಹಳಿ ತಪ್ಪುವುದಿಲ್ಲ, ನಿಜ. ಆದರೆ ಮೂತಿ ಹಳಿ ಬಿಟ್ಟು ಹೊರಗೆ ಚಾಚುತ್ತದೆ. ಗಾಂಧಿ ಬಜಾರ್ ಕಡೆಯ ಕ್ರಾಸ್‌ಗಳಲ್ಲಿ ಬಿಎಂಟಿಸಿ ಬಸ್ಸು ತಿರುಗುವುದನ್ನು ನೋಡಿದ್ದೀರಲ್ವಾ? ಚಕ್ರ ರಸ್ತೆ ಮೇಲೇ ಇರುತ್ತದೆ, ಡ್ರೈವರ್ ಕೂತಿರುವ ಮೂಲೆ ಫುಟ್‌ಪಾತ್ ಮೇಲೆ ಹಾದು ಹೋಗುತ್ತದೆ. ಇಲ್ಲೂ ಹಾಗೇ. ಸುರಂಗದ ಬಾಯಿ, ಸಿಗ್ನಲ್ ಕಂಬ, ಪಕ್ಕದ ಹಳಿಯ ರೈಲು, ಯಾವುದಕ್ಕೆ ಬೇಕಾದರೂ ತಾಗಬಹುದು.

[ಕಪ್ಪು ಹಲಗೆ, ಸೀಮೆಸುಣ್ಣ]

ಈಗ ನನಗೆ ತುಂಬ ಇಷ್ಟವಾದ ಲೆಕ್ಕ. ಸ್ವಲ್ಪ ನಿಧಾನವಾಗಿ ಹೋಗೋಣ.

ಭಾರತದ ರೈಲ್ವೆಯಲ್ಲಿ ತಿರುವು ಎಷ್ಟು ಕಡಿದಾಗಿರಬಹುದು ಅನ್ನುವುದಕ್ಕೆ ಮಿತಿ ಇದೆ. ಗೇಜ್ ಅಂದರೆ ಹಳಿಗಳ ಅಂತರ. ಬ್ರಾಡ್ ಗೇಜಿಗೆ 10 ಡಿಗ್ರಿ, ಅಂದರೆ 175 ಮೀಟರ್ ರೇಡಿಯಸ್. ಮೀಟರ್ ಗೇಜಿಗೆ 16 ಡಿಗ್ರಿ, 109 ಮೀಟರ್. ನ್ಯಾರೋ ಗೇಜಿಗೆ 40 ಡಿಗ್ರಿ, ಬರೀ 44 ಮೀಟರ್.

ಇವನ್ನು 87ರಿಂದ ಭಾಗಿಸಿ. ಬ್ರಾಡ್ ಗೇಜ್ 2 ಮೀಟರ್ ಆಯಿತು. ಪೂರ್ತಿ ಸುತ್ತು ಹಾಕಬೇಕಾದರೆ 4 ಮೀಟರ್ ಅಗಲ ಬೇಕು. ಮೂವತ್ತು-ನಲವತ್ತು ಸೈಟಿನ ಮನೆಯಲ್ಲಿ ಯಾವ ರೂಮಿನಲ್ಲಿ ಹಿಡಿಸುತ್ತೀರಿ? ಮೀಟರ್ ಗೇಜಿಗೆ 2.5 ಮೀಟರ್ ಅಗಲ. ಮಂಚ ಎತ್ತಿ ಹೊರಗಿಡಬೇಕು. ನ್ಯಾರೋ ಗೇಜಿಗೆ? ಹತ್ತಿರ ಹತ್ತಿರ 1 ಮೀಟರ್. ಎಂಟು-ನಾಲ್ಕರ ಒಂದು ಪ್ಲೈವುಡ್ ಶೀಟಿನ ಅಗಲ 122 ಸೆಂ.ಮೀ. ಸುತ್ತು ಹಾಕಿ, ಎರಡೂ ಕಡೆ ಗಿಡ ಮರಕ್ಕೆ ಜಾಗ ಉಳಿಯುತ್ತದೆ!

ಅರ್ಥ ಆಯಿತಲ್ವಾ? ಪ್ಲೈವುಡ್ ಮೇಲೆ ದೊಡ್ಡ ಇಂಜಿನ್ ಓಡಿಸಿದರೆ ತಿರುವಿನಲ್ಲಿ ಅದು ಆಟಿಕೆಯಾಗಿಬಿಡುತ್ತದೆ. ನ್ಯಾರೋ ಗೇಜಿನ ಪುಟ್ಟ ಇಂಜಿನ್ ಅದೇ ಹಲಗೆ ಮೇಲೆ ನಿಜವಾದ ರೈಲಿನ ಹಾಗೇ ತಿರುಗುತ್ತದೆ.

ಇನ್ನೊಂದು ಸಂತೋಷದ ವಿಷಯ ಇದೆ. ನ್ಯಾರೋ ಗೇಜ್ ಅಂದರೆ ಡಾರ್ಜಿಲಿಂಗ್‌ವರೆಗೆ ಹೋಗಬೇಕಿಲ್ಲ. ನಮ್ಮ ಯಶವಂತಪುರದಿಂದಲೇ ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಮೇಲೆ ಕೋಲಾರಕ್ಕೆ ಇಂಥದ್ದೇ ಲೈನ್ ಇತ್ತು. ಹಳಿಗಳ ಅಂತರ 762 ಮಿ.ಮೀ. ಆಮೇಲೆ ಬ್ರಾಡ್ ಗೇಜ್ ಆಯಿತು. ನಂದಿ ಹಾಲ್ಟ್, ಆವತಿಹಳ್ಳಿ, ದೊಡ್ಡಜಾಲದಲ್ಲಿ ಆ ಕಾಲದ ಸ್ಟೇಷನ್ ಕಟ್ಟಡಗಳು ಇನ್ನೂ ಇವೆ. 762ನ್ನೂ 87ರಿಂದ ಭಾಗಿಸಿ, 8.76 ಬರುತ್ತದೆ. ಎಚ್‌ಒಗಿಂತ ಚಿಕ್ಕದಾದ ಎನ್ ಸ್ಕೇಲಿಗೆ ಮಾರುವ ರೆಡಿಮೇಡ್ ಹಳಿಯ ಅಂತರ 9 ಮಿ.ಮೀ.! ಅದನ್ನೇ ತಂದು ಹಾಕಬಹುದು. ನಮ್ಮೂರಿನ ರೈಲು ಒಂದು ಪ್ಲೈವುಡ್ ಮೇಲೆ ಸರಿಯಾದ ಅಳತೆಯಲ್ಲಿ ಕೂರುತ್ತದೆ ಅಂದರೆ ನನಗೆ ಮೈ ಜುಮ್ಮೆನ್ನುತ್ತದೆ.

[ಪುಟ್ಟ 0-4-0 ಇಂಜಿನ್, ಹಳಿ ಕವಲೊಡೆಯುವ ಪಾಯಿಂಟ್ಸ್ ಮೇಲೆ ಗಕ್ಕನೆ ನಿಲ್ಲುತ್ತದೆ]

ಚಿಕ್ಕ ಇಂಜಿನ್ನಿಗೆ ಕಷ್ಟ ಇಲ್ಲವೇ? ಇದೆ. ಮೋಟರಿಗೆ ಕರೆಂಟ್ ಬರುವುದು ಹಳಿಯಿಂದ, ಚಕ್ರದ ಮೂಲಕ. ನಾಲ್ಕೇ ಚಕ್ರ ಇದ್ದರೆ ಒಂದು ಚೂರು ಧೂಳು ಸಾಕು, ನಿಂತುಬಿಡುತ್ತದೆ. ನಮ್ಮ ಊರಿನ ಧೂಳು ಗೊತ್ತೇ ಇದೆ. ಪಾಯಿಂಟ್ಸಿನ ನಡುವೆ ಹಳಿ ಹಳಿಯನ್ನು ದಾಟುವ ಜಾಗ ಪ್ಲಾಸ್ಟಿಕ್ ಆಗಿದ್ದರೆ ಅಲ್ಲೂ ಅದೇ ಕತೆ. ಹಾಗಾಗಿ 0-6-0 ನೋಡಿ, ಟೆಂಡರ್ ಚಕ್ರದಿಂದಲೂ ಕರೆಂಟ್ ತಗೊಳ್ಳುವುದಾದರೆ ಇನ್ನೂ ಒಳ್ಳೆಯದು. ಆ ದಾಟುವ ಜಾಗಕ್ಕೂ ಕರೆಂಟ್ ಹೋಗುವಂಥ ಪಾಯಿಂಟ್ಸ್ ತಗೊಳ್ಳಿ. ಹಳಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಡಿಜಿಟಲ್ ಕಂಟ್ರೋಲ್ ಇದ್ದರೆ ಇಂಜಿನ್ನಿನೊಳಗೆ ಕೂತು ಅದರ ಸಿಗ್ನಲ್ ಓದುವ ಡಿಕೋಡರ್ ಜೊತೆ ಒಂದು ಕೆಪ್ಯಾಸಿಟರ್ ಸೇರಿಸಬಹುದು, ಕರೆಂಟ್ ಒಂದು ಕ್ಷಣ ತಪ್ಪಿದರೂ ಇಂಜಿನ್ ನಿಲ್ಲುವುದಿಲ್ಲ. ಡಿಕೋಡರಿಗೆ ಹೊಂದುವುದು ಯಾವುದು ಅಂತ ನೋಡಿಕೊಂಡು ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿ.

ಎಳೆಯುವ ಶಕ್ತಿಯೂ ಕಡಿಮೆ, ತೂಕ ಕಡಿಮೆ ಇರುವುದರಿಂದ. ಏರು ಹಾಕುವುದಾದರೆ ಮೀಟರಿಗೆ 2 ಸೆಂ.ಮೀ.ಗಿಂತ ಜಾಸ್ತಿ ಬೇಡ. ಎಚ್‌ಒ ಹಳಿ ಮೇಲೆ ಇನ್ನೊಂದು ಹಳಿ ದಾಟಿಸಲು ಸುಮಾರು 7.5 ಸೆಂ.ಮೀ. ಎತ್ತರ ಬೇಕು. ಅಂದರೆ 3.75 ಮೀಟರ್ ಉದ್ದದ ಏರು. ಮೊದಲ ಲೇಔಟ್ ಸಮತಟ್ಟಾಗಿಯೇ ಇರಲಿ.

ಸಮಯ ಆಗುತ್ತಾ ಬಂತು, ಉಳಿದದ್ದು ಒಟ್ಟಿಗೆ ಹೇಳುತ್ತೇನೆ. ದೊಡ್ಡ ಇಂಜಿನ್ನೇ ಬೇಕು ಅನ್ನುವವರಿಗೆ ಎರಡು ದಾರಿ. ಒಂದು, ಎನ್ ಸ್ಕೇಲ್, 160 ಪಾಲು ಕುಗ್ಗಿಸಿದ್ದು. ಬಿಗ್ ಬಾಯ್ 25 ಸೆಂ.ಮೀ.ಗೆ ಇಳಿಯುತ್ತದೆ. ಇನ್ನೊಂದು, ತಿರುವೇ ಬೇಡ. ಗೋಡೆಗೆ ಉದ್ದಕ್ಕೆ ಒಂದು ಶೆಲ್ಫ್ ಹೊಡೆಸಿ, ನೇರ ಹಳಿ ಹಾಕಿ, ಶೆಡ್ಡಿನಿಂದ ಹೊರಗೆ ಬಂದು ಹೋಗುವ ಹಾಗೆ ಓಡಿಸಿ. ನಮ್ಮ ಬ್ರಾಡ್ ಗೇಜಿನ ಹಳೆಯ ಸ್ಟೀಮ್ ಇಂಜಿನ್ ಡಬ್ಲ್ಯುಪಿಯ ಗುಂಡು ಮೂತಿ ಇಷ್ಟಪಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸೌಂಡ್ ಇರುವ ಮಾಡೆಲ್ ಎರಡೂ ಗಾತ್ರದಲ್ಲಿ ಸಿಗುತ್ತದೆ, ದೊಡ್ಡದರಲ್ಲಿ ಸ್ಪೀಕರಿಗೆ ಜಾಗ ಜಾಸ್ತಿ. ಕೊಳ್ಳುವ ಮುಂಚೆ ಪೆಟ್ಟಿಗೆ ಮೇಲೆ ಬರೆದಿರುವ ಕನಿಷ್ಠ ರೇಡಿಯಸ್ ಓದಿ. ಇಂಜಿನ್ ಅಷ್ಟರಲ್ಲಿ ತಿರುಗುತ್ತದೆ ಅಂತ ಮಾತ್ರ ಅದರ ಅರ್ಥ, ಚೆನ್ನಾಗಿ ಕಾಣುತ್ತದೆ ಅಂತ ಅಲ್ಲ.

ಮುಂದಿನ ವಿಡಿಯೋದಲ್ಲಿ ಒಂದೇ ಪ್ಲೈವುಡ್ ಮೇಲೆ ನಂದಿ ಹಾಲ್ಟ್ ಕಟ್ಟೋಣ. ಶೀಟ್ ತಂದಿಟ್ಟುಕೊಳ್ಳಿ, 12 ಮಿ.ಮೀ. ದಪ್ಪದ್ದು.