ಲೂಪಸ್ ಮತ್ತು ಚರ್ಮದೊಳಗಿನ ಹಸಿರು ಪಟ್ಟಿ

ಮಾನ್ಯ ಸಭಿಕರೇ,

ಲೂಪಸ್ ರೋಗ ಎಂದೊಡನೆ ಹಲವರ ಕಣ್ಣ ಮುಂದೆ ಬರುವುದು ಮೂಗಿನ ಎರಡೂ ಬದಿಗೆ ಚಿಟ್ಟೆಯ ರೆಕ್ಕೆಯಂತೆ ಹರಡುವ ಕೆಂಪು. ನಾನು ಇಂದು ಹೇಳಹೊರಟಿರುವುದು ಬರಿಗಣ್ಣಿಗೆ ಕಾಣದ, ಎಷ್ಟೋ ಸಲ ಒಂದು ಕಲೆಯೂ ಇಲ್ಲದ ಚರ್ಮದಲ್ಲಿ ಅಡಗಿರುವ ಇನ್ನೊಂದು ಗುರುತಿನ ವಿಷಯವನ್ನು.

ನಮ್ಮ ಹೊರಚರ್ಮಕ್ಕೂ ಒಳಚರ್ಮಕ್ಕೂ ನಡುವೆ ತೆಳುವಾದೊಂದು ತಳಪೊರೆಯಿದೆ. ಹೊರಗಿನಿಂದ ಬಂದ ರೋಗಾಣುಗಳನ್ನು ಹಿಡಿಯಬೇಕಾದ ಪ್ರತಿಕಾಯಗಳು ಲೂಪಸ್‌ನಲ್ಲಿ ದೇಹದ ಸ್ವಂತ ಜೀವಕೋಶಗಳ ಕೇಂದ್ರದಲ್ಲಿರುವ ಡಿಎನ್‌ಎ ಮತ್ತು ಪ್ರೋಟೀನುಗಳನ್ನೇ ಪರಕೀಯವೆಂದು ಬಗೆಯುತ್ತವೆ. ಹಾಗೆ ದಾರಿತಪ್ಪಿದ ಪ್ರತಿಕಾಯಗಳಲ್ಲಿ ಕೆಲವು ಈ ತಳಪೊರೆಯ ಉದ್ದಕ್ಕೂ ಬಂದು ತಂಗುತ್ತವೆ. ಅವನ್ನು 1963ರಲ್ಲಿ ಅಮೆರಿಕದ ಬರ್ನ್‌ಹ್ಯಾಮ್ ಮತ್ತು ಸಂಗಡಿಗರು ಲೂಪಸ್ ಕಲೆಗಳಲ್ಲಿ ಕಂಡು ವರದಿ ಮಾಡಿದರು. ಮರುವರ್ಷವೇ ನೆದರ್ಲೆಂಡ್ಸ್‌ನ ಕೊರ್ಮಾನೆ, ಕಲೆಯಿಲ್ಲದ ಚರ್ಮದಲ್ಲಿಯೂ ಅವು ಇರಬಲ್ಲವೆಂದು ತೋರಿಸಿದರು. ನನ್ನ ದೃಷ್ಟಿಯಲ್ಲಿ ಹೆಚ್ಚು ಬೆರಗಿನದು ಈ ಎರಡನೆಯ ಸಂಗತಿಯೇ.

ಕಾಣದ್ದನ್ನು ಕಾಣಿಸಿದ ವಿಧಾನ ಮುಳ್ಳಿನಿಂದಲೇ ಮುಳ್ಳನ್ನು ತೆಗೆಯುವಂಥದ್ದು. ಮನುಷ್ಯರ ಪ್ರತಿಕಾಯವನ್ನು ಹುಡುಕಿ ಅಂಟಿಕೊಳ್ಳುವ ಮತ್ತೊಂದು ಪ್ರತಿಕಾಯವನ್ನು ಪ್ರಾಣಿಗಳಲ್ಲಿ ತಯಾರಿಸಿ, ಅದಕ್ಕೆ ಹೊಳೆಯುವ ಬಣ್ಣವನ್ನು ಕಟ್ಟುತ್ತಾರೆ. 1940ರ ದಶಕದ ಆರಂಭದಲ್ಲಿ ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್ ಹಾಕಿಕೊಟ್ಟ ದಾರಿಯಿದು. ಬಯಾಪ್ಸಿಯ, ಅಂದರೆ ಪರೀಕ್ಷೆಗೆಂದು ತೆಗೆದ ಚರ್ಮದ, ತುಣುಕನ್ನು ಹೆಪ್ಪುಗಟ್ಟಿಸಿ, ನಾಲ್ಕೈದು ಮೈಕ್ರಾನಿನಷ್ಟು ತೆಳುವಾಗಿ ಕೊಯ್ದು, ಈ ಬಣ್ಣ ಕಟ್ಟಿದ ಪ್ರತಿಕಾಯದ ದ್ರಾವಣವನ್ನು ಹಾಕಿ ಕತ್ತಲ ಕೋಣೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಿಳಿಹಸಿರಿನ ಪಟ್ಟಿಯೊಂದು ಬೆಳಗುತ್ತದೆ. ಅದು ಗೆರೆ ಎಳೆದಂತೆ ನುಣುಪಾಗಿರುವುದಿಲ್ಲ. ರಂಗೋಲಿ ಪುಡಿಯ ಎಳೆಯನ್ನು ಹತ್ತಿರದಿಂದ ನೋಡಿದಂತೆ ಕಣಕಣವಾಗಿರುತ್ತದೆ. ನುಣುಪಾದ ಗೆರೆ ಕಂಡರೆ ಪೆಂಫಿಗಾಯ್ಡ್‌ನಂತಹ ನೀರುಗುಳ್ಳೆ ಏಳುವ ಚರ್ಮರೋಗವನ್ನು ಮೊದಲು ನೆನೆಯಬೇಕು. ಇಲ್ಲೊಂದು ಎಚ್ಚರಿಕೆ: ಈ ತುಣುಕನ್ನು ವಾಡಿಕೆಯಂತೆ ಫಾರ್ಮಲಿನ್‌ಗೆ ಹಾಕಿದರೆ ಪರೀಕ್ಷೆ ಕೆಟ್ಟಂತೆಯೇ. ಪ್ರಯೋಗಾಲಯ ದೂರದ ಊರಿನಲ್ಲಿದ್ದರೆ ಮೈಕೆಲ್ಸ್ ದ್ರಾವಣದಲ್ಲಿ ಕಳುಹಿಸಬೇಕು. ಅದರಲ್ಲಿ ಮಂಜುಗಡ್ಡೆಯಿಲ್ಲದೆಯೂ ಕೆಲವು ದಿನ ಉಳಿಯುತ್ತದೆ.

ಪಟ್ಟಿ ಕಂಡಿತೋ ಇಲ್ಲವೋ ಎಂಬುದಕ್ಕಿಂತ, ಚರ್ಮವನ್ನು ಮೈಯ ಯಾವ ಭಾಗದಿಂದ ತೆಗೆದರು ಎಂಬುದೇ ಇಲ್ಲಿ ಮುಖ್ಯವಾಗುತ್ತದೆ. ಕೆಲವು ತಿಂಗಳು ಹಳೆಯದಾದ ಕಲೆಯಲ್ಲಿ ಅದು ಬಹುಪಾಲು ರೋಗಿಗಳಲ್ಲಿ ಸಿಗುತ್ತದೆ. ತೀರಾ ಹೊಸ ಕಲೆಯಲ್ಲಿ ಸಿಗದೆ ಹೋಗಬಹುದು. ಬಿಸಿಲು ಬೀಳದ, ಕಲೆಯೂ ಇಲ್ಲದ ಪೃಷ್ಠಭಾಗದ ಚರ್ಮದಲ್ಲಿ, ಇಡೀ ದೇಹವನ್ನು ಆವರಿಸುವ ಲೂಪಸ್ ಇರುವವರ ಪೈಕಿ ಸುಮಾರು ಅರ್ಧದಷ್ಟು ಜನರಲ್ಲಿ ಕಾಣುತ್ತದೆ. ನಾಣ್ಯದಾಕಾರದ ಕಲೆಗಳಷ್ಟಕ್ಕೇ ನಿಲ್ಲುವ ಡಿಸ್ಕಾಯ್ಡ್ ಲೂಪಸ್‌ನಲ್ಲಾದರೋ ಅಂತಹ ಚರ್ಮ ಸಾಮಾನ್ಯವಾಗಿ ಖಾಲಿ. ಬಿಸಿಲಿಗೆ ತೆರೆದ ಮುಖದ ಚರ್ಮವು ಮಾತ್ರ ಮೋಸಗೊಳಿಸುವ ಸಾಕ್ಷಿ: ಆರೋಗ್ಯವಂತ ಯುವಜನರಲ್ಲಿಯೂ ಶೇ. 20ರವರೆಗೆ ಐಜಿಎಂ ಎಂಬ ಬಗೆಯ ಪ್ರತಿಕಾಯದ ಮಸುಕಾದ ಪಟ್ಟಿ ಅಲ್ಲಿ ಸಿಕ್ಕಿದ್ದುಂಟು.

ಇಷ್ಟಕ್ಕೂ ಅವು ಅಲ್ಲಿಗೇ ಏಕೆ ಬರುತ್ತವೆ? ಬಿಸಿಲಿನ ಅತಿನೇರಳೆ ಕಿರಣ ಹೊರಚರ್ಮದ ಕೋಶಗಳನ್ನು ಸಾಯಿಸುತ್ತದೆ. ಸಾಯುತ್ತಿರುವ ಕೋಶ ಗುಳ್ಳೆಗಳಾಗಿ ಒಡೆಯುವಾಗ, ಒಳಗಿರಬೇಕಾದ ರೋ (Ro) ಎಂಬ ಪ್ರೋಟೀನು ಮೇಲ್ಮೈಗೆ ಬರುತ್ತದೆಂದು 1994ರ ಸುಮಾರಿಗೆ ಪ್ರಯೋಗಗಳು ತೋರಿಸಿದವು. ಕೋಶದಿಂದ ಹೊರಬಿದ್ದ ಡಿಎನ್‌ಎಗೆ ತಳಪೊರೆಯ ಕೊಲ್ಯಾಜೆನ್‌ಗೆ ಅಂಟುವ ಗುಣವಿದೆ. ಅದನ್ನು ಅರಸಿ ಪ್ರತಿಕಾಯ ಬಂದು ಕೂರುತ್ತದೆ ಎಂಬುದು ಒಂದು ವಿವರಣೆ. ರಕ್ತದಲ್ಲೇ ಜೊತೆಗೂಡಿದ ಡಿಎನ್‌ಎ ಮತ್ತು ಪ್ರತಿಕಾಯಗಳ ಗೊಂಚಲುಗಳು ಅಲ್ಲಿ ಸಿಕ್ಕಿಕೊಳ್ಳುತ್ತವೆ ಎಂಬುದು ಇನ್ನೊಂದು.

ಆದರೆ ಈ ಸಂಚಯವೇ ಕಲೆಯನ್ನು ಹುಟ್ಟಿಸುತ್ತದೆ ಎಂದು ಬಗೆಯುವುದು ಅವಸರದ ತೀರ್ಮಾನವಾದೀತು. ಹಾಗಿದ್ದಲ್ಲಿ ಪಟ್ಟಿಯಿರುವ ಕಡೆಯೆಲ್ಲ ಉರಿಯೂತವಿರಬೇಕಿತ್ತು. ಕೃತಕ ಬೆಳಕಿನಿಂದ ಕಲೆ ಬರಿಸಿದ ಪ್ರಯೋಗಗಳಲ್ಲಿ ಪಟ್ಟಿಯೇ ಮೊದಲು ಬರಬೇಕಿತ್ತು, ಬಂದದ್ದು ಆಮೇಲೆ. ಕೋಶಗಳಿಗೆ ರಂಧ್ರ ಕೊರೆಯಬಲ್ಲ ಕೂಟವನ್ನು ರಕ್ತದ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳು ಕೊನೆಯಲ್ಲಿ ಕಟ್ಟುತ್ತವೆ. ಆ ಕೂಟ ಕಲೆಯಿರುವ ಚರ್ಮದಲ್ಲಿ ಹೆಚ್ಚಾಗಿ, ಕಲೆಯಿಲ್ಲದ ಚರ್ಮದಲ್ಲಿ ವಿರಳವಾಗಿ ಸಿಗುವುದೂ ಪ್ರತಿಕಾಯವೊಂದೇ ಸಾಲದೆಂಬುದನ್ನು ಸೂಚಿಸುತ್ತದೆ.

ರಕ್ತದಲ್ಲಿಯೇ ಡಿಎನ್‌ಎ ವಿರೋಧಿ ಪ್ರತಿಕಾಯವನ್ನು ಅಳೆಯಬಹುದಾದ ಇಂದು, ವೈದ್ಯರು ಈ ಪಟ್ಟಿಯ ಪರೀಕ್ಷೆಯನ್ನು ಹಿಂದಿನಷ್ಟು ಬರೆದುಕೊಡುವುದಿಲ್ಲ. 2019ರ ಅಂತರರಾಷ್ಟ್ರೀಯ ಲೂಪಸ್ ವರ್ಗೀಕರಣದ ಅಂಕಗಳಲ್ಲಿಯೂ ಅದಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಆದರೂ ರಕ್ತಪರೀಕ್ಷೆ ಅಸ್ಪಷ್ಟವಾಗಿದ್ದಾಗ, ಕಲೆ ಲೂಪಸ್ಸಿನದೋ ಬೇರೆಯದೋ ಎಂಬ ಅನುಮಾನ ಉಳಿದಾಗ ಅದು ಕೈಹಿಡಿಯುತ್ತದೆ. ಕೆನ್ನೆಯ ಹಳೆಯ ಡಿಸ್ಕಾಯ್ಡ್ ಕಲೆಯೊಂದರಲ್ಲಿ ಪಟ್ಟಿ ಕಂಡಿತೆಂಬ ವರದಿ ಹಿಡಿದು, ತನ್ನ ಮೂತ್ರಪಿಂಡಕ್ಕೂ ರೋಗ ತಗುಲಿತೇನೋ ಎಂದು ಹೆದರಿ ಬಂದವರಿಗೆ, ಆ ವರದಿ ಮಾತನಾಡುತ್ತಿರುವುದು ಆ ಕಲೆಯ ಬಗ್ಗೆ ಮಾತ್ರ, ಮೂತ್ರಪಿಂಡದ ಪ್ರಶ್ನೆಗೆ ಮೂತ್ರವನ್ನೇ ಪರೀಕ್ಷಿಸಬೇಕು ಎಂದು ವೈದ್ಯರು ಬಿಡಿಸಿ ಹೇಳಬೇಕಾಗುತ್ತದೆ.